ಮದ್ದು ತೂಗುವ ಆರ್ವಿಡ್

ಆರ್ವಿಡ್ ನೆಸೆಟ್ ಇನ್ನೊಬ್ಬರು ತುಂಬಿದ ತೋಟಾವನ್ನು ಎಂದೂ ಹಾರಿಸಿದವನಲ್ಲ. ತಾನು ತುಂಬಿದ್ದನ್ನು ಇನ್ನೊಬ್ಬರ ಕೈಗೆ ಎಂದೂ ಕೊಟ್ಟವನಲ್ಲ. ಮೊಂಟಾನಾದ ಈ ಬ್ಯಾಜರ್ ಹಳ್ಳದ ಕುರಿಗಾರರಲ್ಲಿ ಖಾಲಿ ಕೋಶಕ್ಕೆ ಮದ್ದು ಹಾಕಿ, ಗುಂಡು ಕೂರಿಸಿ, ಮನೆಯಲ್ಲೇ ತೋಟಾ ತುಂಬಿಕೊಳ್ಳುವವರು ಬೇಕಾದಷ್ಟು ಮಂದಿ. ಅಳತೆ ತಪ್ಪಿದ ಮದ್ದು ಕೋವಿಯನ್ನೇ ಸಿಡಿಸಬಹುದಾದ್ದರಿಂದ ಈ ನೇಮವನ್ನು ಎಲ್ಲರೂ ಬಾಯಲ್ಲಿ ಹೇಳುತ್ತಾರೆ, ತುರ್ತು ಬಂದಾಗ ಎಲ್ಲರೂ ಮುರಿಯುತ್ತಾರೆ. ಆರ್ವಿಡ್ ಮುರಿಯುತ್ತಿರಲಿಲ್ಲ. ಒಮ್ಮೆ ಬೇಲಿಯಾಚೆ ಕಯೋಟಿಯೊಂದು ನಿಂತಿರುವಾಗ, ಅದೇ ಅಳತೆಯ ರೈಫಲ್ ಹಿಡಿದಿದ್ದ ನೆರೆಯ ಓರಿನ್ ಹಾಸ್ ಜೇಬು ತಡಕಿ, ಬರಿದಾಗಿದ್ದು ಕಂಡು, ಅವನತ್ತ ಕೈ ಚಾಚಿದ.

"ಎರಡೇ ಎರಡು ಕೊಡೋ ಮಾರಾಯ, ಅಗೋ ಅಲ್ಲೇ ನಿಂತಿದೆ."

"ನನ್ನ ಹಲ್ಲುಜ್ಜೋ ಬ್ರಷ್ ಕೇಳ್ತೀಯಾ ನೀನು? ಇಲ್ಲ ತಾನೆ? ಇದೂ ಹಾಗೇ."

ಆರ್ವಿಡ್ ಪಿಕಪ್ಪಿನಿಂದ ತನ್ನ ಕೋವಿ ತೆಗೆಯುವಷ್ಟರಲ್ಲಿ, ತೋಳಕ್ಕಿಂತ ಚಿಕ್ಕದೂ ನರಿಗಿಂತ ಎತ್ತರವೂ ಆದ ಆ ಪ್ರಾಣಿ ಇಬ್ಬರನ್ನೂ ಒಮ್ಮೆ ನೋಡಿ, ಅವಸರವೇನೂ ಇಲ್ಲದೆ ದಿಬ್ಬ ದಾಟಿ ಹೋಯಿತು. ಓರಿನ್ ಈ ಕಥೆಯನ್ನು ಹೇಳದೆ ಬಿಟ್ಟ ಊಟದ ಮನೆಯಿಲ್ಲ.

ಓರಿನ್‌ನ ಹೆಂಡತಿ ವರ್ನಾ ಮಾತ್ರ ಇದಕ್ಕೆ ನಗುತ್ತಿರಲಿಲ್ಲ. ಅವಳ ಕುರಿಗಳೂ ಆರ್ವಿಡ್‌ನ ಕುರಿಗಳೂ ಒಂದೇ ಬೇಲಿಯ ಎರಡು ಬದಿಗೆ ಮೇಯುತ್ತಿದ್ದವು. ಮರಿ ಹಾಕುವ ಕಾಲದಲ್ಲಿ ಓರಿನ್‌ನ ಈಡು ಗುರಿ ಮುಟ್ಟುವುದೇ ಅಪರೂಪವಾದ್ದರಿಂದ, ಎರಡೂ ಮಂದೆಗಳನ್ನು ಕಾಯುತ್ತಿದ್ದುದು ಆರ್ವಿಡ್‌ನ ಕೋವಿಯೊಂದೇ. ಹುಡುಗಿಯಾಗಿದ್ದಾಗಿನಿಂದ ಅವಳು ಆರ್ವಿಡ್‌ನನ್ನು ನೋಡುತ್ತ ಬಂದಿದ್ದಳು: ಕುಂಟು ಕುರಿಯೊಂದು ಹಿಂದೆ ಬರುತ್ತಿದೆಯೋ ಎಂಬಂತೆ ಎರಡು ಹೆಜ್ಜೆಗೊಮ್ಮೆ ತಡೆದು ನಡೆಯುವ ನಡಿಗೆ, ಬೇಸಗೆಯಲ್ಲೂ ಮೈಬಿಡದ, ಒಳಗೆ ಉಣ್ಣೆ ಹೊಲಿದ ಕ್ಯಾನ್ವಾಸು ಕೋಟು, ಅದರ ಬಲಜೇಬಿಗೆ ತಾನೇ ಹೊಲಿದುಕೊಂಡ ತೊಗಲಿನ ಅಸ್ತರಿ. ಹಾರಿಸಿದ ತೋಟಾದ ಹಿತ್ತಾಳೆ ಕೋಶವನ್ನು ಅವನು ನೆಲಕ್ಕೆ ಬಿಟ್ಟವನಲ್ಲ. ಹೆಕ್ಕಿ, ಹೆಬ್ಬೆರಳಿಂದ ಸವರಿ, ತಿರುಗಿಸಿ ನೋಡಿ, ಆ ಜೇಬಿಗೆ ಹಾಕುತ್ತಿದ್ದ. ಹೊಗಳಿಕೆಯಲ್ಲಿ ಅವನಷ್ಟು ಬಿಗಿ ಯಾರೂ ಇರಲಿಲ್ಲ. ವರ್ನಾ ಕ್ರಿಸ್‌ಮಸ್ಸಿಗೆ ಆಲೂಗಡ್ಡೆಯ ಲೆಫ್ಸೆ ರೊಟ್ಟಿ ಮಾಡಿ ಬೆಣ್ಣೆ ಸವರಿ ಕೊಟ್ಟರೆ, ನಾಲ್ಕು ತಿಂದು, ಬೆರಳು ಒರೆಸಿಕೊಂಡು, "ಕೆಟ್ಟದಾಗಿಲ್ಲ" ಎನ್ನುತ್ತಿದ್ದ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಮಾತನ್ನು ಕೇಳಿದವರಿಲ್ಲ.

ಗುಂಡಿನ ಆಯ್ಕೆಯಲ್ಲಿ ಅವನಿಗೊಂದು ಸಿದ್ಧಾಂತವೇ ಇತ್ತು. ಜಿಂಕೆಗೆ ಬಳಸುವ ಗಟ್ಟಿ ಗುಂಡು ಕಯೋಟಿಯನ್ನು ತೂರಿಕೊಂಡು ಹೋಗಿ ಹೆಪ್ಪುಗಟ್ಟಿದ ನೆಲಕ್ಕೆ ಬಡಿದು, ಅಲ್ಲಿಂದ ಸಿಡಿದು ಯಾರ ಕುರಿಗೆ, ಯಾರ ಕಿಟಕಿಗೆ ತಾಗುತ್ತದೋ ಹೇಳಲಾಗದು. ಆದ್ದರಿಂದ ತೆಳ್ಳನೆಯ ಕವಚದ, ಒಳಹೊಕ್ಕೊಡನೆ ಪುಡಿಯಾಗುವ ಹಗುರ ಗುಂಡೇ ಆಗಬೇಕು. "ಗುಂಡು ಒಳಗೆ ಹೋಗಬೇಕು, ಹೊರಗೆ ಬರಬಾರದು" ಎಂದು ಅವನು ವರ್ನಾಳಿಗೆ ಹೇಳಿಕೊಟ್ಟಿದ್ದ. ಅದನ್ನು ಓಡಿಸಲು ಬೇಕಾದ ಮದ್ದು ಎಷ್ಟೆಂದು ವರ್ಷಗಟ್ಟಲೆ ಕಾಗದದ ಮೇಲೆ ಹೊಡೆದು ನೋಡಿ ಒಮ್ಮೆ ನಿಶ್ಚಯಿಸಿದ ಮೇಲೆ ಮತ್ತೆ ಬದಲಿಸಲಿಲ್ಲ. ಮದ್ದಿನ ತೂಕ ಗ್ರೇನಿನಲ್ಲಿ; ಒಂದು ಗ್ರೇನೆಂದರೆ ಅರ್ಧ ಗುಲಗಂಜಿ. ಅದರಲ್ಲೂ ಹತ್ತರಲ್ಲೊಂದು ಪಾಲು ಹೆಚ್ಚುಕಡಿಮೆಯಾದರೆ ಅವನು ತಟ್ಟೆಯನ್ನು ಡಬ್ಬಿಗೆ ಸುರಿದು ಮತ್ತೆ ತೂಗುತ್ತಿದ್ದ.

ಇಂಥವನ ಈಡು ಆ ವರ್ಷದ ಮರಿಗಾಲದಲ್ಲಿ ತಪ್ಪಿತು. ಒಮ್ಮೆಯಲ್ಲ, ಮತ್ತೆ ಮತ್ತೆ. ಹತ್ತಿರದಲ್ಲಿ ಗುರಿಯ ಆಸುಪಾಸಿಗೆ ಬೀಳುತ್ತಿದ್ದ ಗುಂಡು ದೂರಕ್ಕೆ ಹೊಡೆದಾಗ ಕಯೋಟಿಯ ಕಾಲ ಬುಡದ ಹಿಮವನ್ನು ಎಬ್ಬಿಸುತ್ತಿತ್ತು. ಬೆಳಗಾದರೆ ವರ್ನಾಳ ಬೇಲಿಯ ಬಳಿ ಮರಿಯ ಉಣ್ಣೆ ಚೆದುರಿ ಬಿದ್ದಿರುತ್ತಿತ್ತು.

"ಏನಪ್ಪಾ, ಹೊಡೆಯೋದು ಬಿಟ್ಟು ಬರೀ ಬೆದರಿಸಿ ಕಳಿಸೋ ಕೆಲಸಕ್ಕೆ ಸೇರ್ಕೊಂಡ್ಯಾ?" ಎಂದು ಓರಿನ್ ಕಿಚಾಯಿಸಿದ. ಆರ್ವಿಡ್ ಹಿತ್ತಾಳೆಯನ್ನು ಹೆಕ್ಕಿ, ಸವರದೆ, ನೋಡದೆ, ಜೇಬಿಗೆ ತುರುಕಿದ್ದನ್ನು ವರ್ನಾ ಗಮನಿಸಿದಳು.

ಕೊನೆಯದು ತಪ್ಪಿದ್ದರೂ ವಾಸಿಯಿತ್ತು. ಗುಂಡು ಒಂದು ಹೆಣ್ಣು ಕಯೋಟಿಯ ಮುಂಗಾಲು ಮುರಿಯಿತು. ಕರಗುವ ಹಿಮದ ಕೆಸರಿನಲ್ಲಿ ಆರ್ವಿಡ್ ಇಡೀ ದಿನ ಅದರ ರಕ್ತದ ಜಾಡು ಹಿಡಿದು ನಡೆದು, ಸಂಜೆಯ ಹೊತ್ತಿಗೆ ಅದರ ನೋವು ಮುಗಿಸಿ ಬಂದ. ಮರುದಿನ ಬೆಳಗ್ಗೆ ಕಂಬಳಿಯಲ್ಲಿ ಸುತ್ತಿದ ರೈಫಲನ್ನು ತಂದು ವರ್ನಾಳ ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿದ.

"ಇನ್ಮೇಲೆ ಇದು ನಿಂದು."

"ಯಾಕೆ, ಊರು ಬಿಡ್ತಿದ್ದೀರಾ?"

"ಕೈ ನಡುಕ ಶುರುವಾಗಿದೆ ಹುಡುಗಿ. ನಮ್ಮಪ್ಪಂಗೂ ಹೀಗೇ ಶುರುವಾಗಿದ್ದು. ಕೊನೆಗೆ ಚಮಚ ಬಾಯಿಗೆ ಹೋಗ್ತಿರ್ಲಿಲ್ಲ, ಕಿವಿಗೆ ಹೋಗ್ತಿತ್ತು. ಗಾಯ ಮಾಡಿ ಓಡಿಸೋಕೆ ನಾನು ಕಲ್ತಿಲ್ಲ."

ವರ್ನಾ ಅವನ ಕೈಯಲ್ಲಿದ್ದ ಕಾಫಿಯನ್ನು ನೋಡಿದಳು. ಅಂಚಿನವರೆಗೆ ತುಂಬಿದ್ದ ಕಾಫಿ ಅಲುಗಾಡುತ್ತಿರಲಿಲ್ಲ.

"ಎಲ್ಲಿ ನಡುಗ್ತಿದೆ? ನಂಗೇನೂ ಕಾಣ್ತಿಲ್ವಲ್ಲ."

"ಕೋವಿಯ ಕುದುರೆ ಎಳೆಯೋ ಹೊತ್ತಿಗೆ ನಡುಗುತ್ತೆ. ನಂಗೂ ಗೊತ್ತಾಗಲ್ಲ."

"ನಡುಗೋನಿಗೇ ಗೊತ್ತಾಗದ ನಡುಕ ಯಾವ ಸೀಮೆ ನಡುಕ ರೀ?"

ಅವನು ಜೇಬು ಬರಿದು ಮಾಡಿದ. ಖಾಲಿ ಕೋಶಗಳು ಮೇಜಿನ ಮೇಲೆ ಉರುಳಿದವು. "ಇದನ್ನೂ ಇಟ್ಕೋ. ತೋಟಾ ಮಾತ್ರ ಅಂಗಡೀದು ತಗೋ" ಎಂದು ಕಿಟಕಿಯತ್ತ ತಿರುಗಿದ. ವರ್ನಾ ಒಂದನ್ನು ಎತ್ತಿಕೊಂಡಳು, ಇನ್ನೊಂದನ್ನೂ. ಬೆರಳಿಗೆ ಕಪ್ಪು ಹತ್ತಿತು.

"ಇದರ ಕುತ್ತಿಗೆ ನೋಡಿದ್ರಾ ನೀವು?"

"ಏನಿದೆ ನೋಡೋಕೆ."

"ಮಸಿ! ನೀವೇ ಹೇಳ್ಕೊಟ್ಟಿದ್ದಲ್ವಾ? ಮದ್ದಿನ ಒತ್ತಡ ಸಾಲದಿದ್ರೆ ಹಿತ್ತಾಳೆ ಉಬ್ಬಿ ನಳಿಗೆಗೆ ಅಂಟ್ಕೊಳ್ಳಲ್ಲ, ಹೊಗೆ ಹಿಂದಕ್ಕೆ ನುಗ್ಗುತ್ತೆ ಅಂತ?"

ಆರ್ವಿಡ್ ತಿರುಗಿದ. ಕೋಶವನ್ನು ಕನ್ನಡಕದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ, ಟೋಪಿಯನ್ನೂ ಮರೆತು, ಪಿಕಪ್ಪಿನ ಕಡೆ ನಡೆದ. ಆ ನಡಿಗೆಯಲ್ಲಿ ಅಂದು ತಡವರಿಕೆ ಇರಲಿಲ್ಲ. ವರ್ನಾಳೂ ಹಿಂದೆಯೇ ಹೋಗಿ ಗಾಡಿ ಹತ್ತಿದಳು.

ಅವನ ಕೊಟ್ಟಿಗೆಯ ಮೂಲೆಯಲ್ಲಿ, ಕಬ್ಬಿಣದ ಒಲೆಯ ಪಕ್ಕ, ತೋಟಾ ತುಂಬುವ ಮೇಜು. ಉಳಿದಿದ್ದ ತೋಟಾಗಳಲ್ಲೊಂದರ ಗುಂಡನ್ನು ಅವನು ಬಿಡಿಸಿ ತೆಗೆದ. ಮದ್ದನ್ನು ತಕ್ಕಡಿಯ ತಟ್ಟೆಗೆ ಸುರಿದ. ದಂಡ ಒಮ್ಮೆ ಏರಿ, ಒಮ್ಮೆ ಇಳಿದು, ಗೆರೆಯ ಮೇಲೆ ನೆಟ್ಟಗೆ ನಿಂತಿತು. ತಕ್ಕಡಿಯ ಪ್ರಕಾರ ಮದ್ದು ಸರಿಯಾಗಿತ್ತು. ಆರ್ವಿಡ್‌ನ ಭುಜ ಇಳಿಯಿತು.

"ನೋಡ್ದ್ಯಾ? ಕೈಯೇ."

ವರ್ನಾ ಬಗ್ಗಿದಳು. ತಕ್ಕಡಿಯ ದಂಡದ ಮೇಲೆ ಜಾರುವ ಎರಡು ತೂಕದ ಬಟ್ಟುಗಳು: ಚಿಲ್ಲರೆ ತೂಕಕ್ಕೆ ಚಿಕ್ಕದು, ಇಡಿಗೆ, ಐದೈದು ಗ್ರೇನಿಗೊಂದು ಹಲ್ಲಿನ ಮೇಲೆ ಕೂರುವ ದೊಡ್ಡದು.

"ಈ ದೊಡ್ಡದು ಎಷ್ಟರ ಮೇಲಿರ್ಬೇಕು?"

"ಮೂವತ್ತು. ನಾನದನ್ನ ಮುಟ್ಟೋದೇ ಇಲ್ಲ."

"ಇದು ಇಪ್ಪತ್ತೈದರ ಮೇಲೆ ಕೂತಿದೆ, ಆರ್ವಿಡ್."

ಹಿಂದಿನ ಶರತ್ಕಾಲದಲ್ಲಿ ಒಲೆಯ ಕೊಳವೆ ಬದಲಿಸಲು ಅವನು ಮೇಜನ್ನು ಸರಿಸಿದ್ದ. ಆ ಅಲುಗಾಟಕ್ಕೆ ದೊಡ್ಡ ಬಟ್ಟು ಒಂದು ಹಲ್ಲು ಹಿಂದಕ್ಕೆ ಜಿಗಿದಿತ್ತು. ಎಂದೂ ಮುಟ್ಟದ್ದರಿಂದ ಅವನು ಅದನ್ನು ಎಂದೂ ನೋಡುತ್ತಿರಲಿಲ್ಲ. ಚಳಿಗಾಲವಿಡೀ ಚಿಕ್ಕ ಬಟ್ಟನ್ನಷ್ಟೇ ಕೂದಲೆಳೆಯಷ್ಟು ಸರಿಸಿ, ಉಸಿರು ಹಿಡಿದು, ಒಂದೊಂದು ತೋಟಾಕ್ಕೂ ಅಷ್ಟೇ ನಿಖರವಾಗಿ ಕಡಿಮೆ ಮದ್ದು ತುಂಬಿದ್ದ. ಎಲ್ಲದರಲ್ಲೂ ಒಂದೇ ಮಟ್ಟ ಇದ್ದುದರಿಂದ ಯಾವುದೂ ಕಣ್ಣಿಗೆ ಬೀಳಲಿಲ್ಲ.

ಆರ್ವಿಡ್ ಬಕೆಟ್ಟು ಬೋರಲು ಹಾಕಿ ಕುಳಿತ. ಎರಡು ಅಂಗೈಗಳನ್ನೂ ಬೆಳಕಿಗೆ ಚಾಚಿ, ಇದೀಗ ವಾಪಸು ಬಂದ ವಸ್ತುಗಳನ್ನು ನೋಡುವಂತೆ ನೋಡಿದ. ಆಮೇಲೆ ನಗತೊಡಗಿದ. ಅವನು ಹಲ್ಲು ಕಾಣುವಂತೆ ನಕ್ಕದ್ದನ್ನು ವರ್ನಾ ಅದುವರೆಗೆ ನೋಡಿರಲಿಲ್ಲ. ನಗುವಿನ ಮಧ್ಯೆ ಕಣ್ಣೊರೆಸಿಕೊಳ್ಳಲು ಅವನು ಕನ್ನಡಕ ತೆಗೆದಾಗ ಅವಳು ಬೇಕೆಂದೇ ಬೇರೆ ಕಡೆ ನೋಡಿದಳು.

"ಅದು ಹೆಚ್ಚಿನ ಕಡೆ ಜರುಗಿದ್ರೆ ಏನಾಗ್ತಿತ್ತು, ಹುಡುಗಿ?"

"ಏನಾಗ್ತಿತ್ತು? ಕೋವಿ ನಿಮ್ಮ ಕೆನ್ನೆ ಹತ್ರ ಸಿಡಿದು, ನಾನು ಚರ್ಚಿನಲ್ಲಿ ನಿಮ್ಮ ಮಣ್ಣಿಗೆ ಬಂದೋರಿಗೆಲ್ಲ ಕಾಫಿ ಹಂಚ್ತಿದ್ದೆ."

"ನಿನ್ನ ಕಾಫಿಗೆ ಯಾರು ಬರ್ತಿದ್ರು, ಬಿಡು" ಎಂದು ಅವನು ಮತ್ತೆ ನಕ್ಕ.

ಚಳಿಗಾಲದ ತೋಟಾಗಳನ್ನೆಲ್ಲ ಇಬ್ಬರೂ ಕೂತು ಬಿಚ್ಚಿದರು. ಹೊಸದಾಗಿ ತುಂಬುವ ಮೊದಲು ಅವನು ತಕ್ಕಡಿಯ ಮುಂದಿನಿಂದ ಎದ್ದು, ಪಕ್ಕಕ್ಕೆ ಸರಿದು, "ನೀನೂ ಒಂದ್ಸಲ ನೋಡಿಬಿಡು" ಎಂದ. ಆ ತಕ್ಕಡಿಯ ಮುಂದೆ ಅವನು ಬೇರೊಬ್ಬರನ್ನು ಕೂರಿಸಿದ್ದು ಅದೇ ಮೊದಲು. ಆ ವಾರ ಆರ್ವಿಡ್ ತನ್ನ ಕೋವಿಯನ್ನು ಮತ್ತೆ ಕೈಗೆತ್ತಿಕೊಂಡ; ದಿಬ್ಬದ ಮೇಲೆ ಬಲು ದೂರದಲ್ಲಿ ನಿಂತಿದ್ದ ಕಯೋಟಿ ಸದ್ದು ತಲುಪುವ ಮೊದಲೇ ನೆಲಕ್ಕೊರಗಿತು. ವರ್ನಾಳ ಮರಿಗಳು ಆಮೇಲೆ ಬೇಲಿಯವರೆಗೂ ನಿಶ್ಚಿಂತೆಯಿಂದ ಹೋಗತೊಡಗಿದವು.

ಅಳತೆಯ ಮನುಷ್ಯರು ಎಲ್ಲ ಊರಿನಲ್ಲೂ ಇದ್ದಾರೆ. ಅವರ ಜೊತೆ ಬಾಳುವುದು ಸುಲಭವಲ್ಲ. ಅವರು ಇನ್ನೊಬ್ಬರನ್ನು ಬೇಗ ನಂಬುವುದಿಲ್ಲ, ಏನಾದರೂ ಕೆಟ್ಟರೆ ಎಲ್ಲರಿಗಿಂತ ಮೊದಲು ತಮ್ಮನ್ನೇ ಶಂಕಿಸಿ, ಯಾರಿಗೂ ಹೇಳದೆ ಒಳಗೇ ಕುಸಿಯುತ್ತಾರೆ. ಆದರೆ ನಾವೆಲ್ಲ ತಪ್ಪು ನಮ್ಮದೆಂದು ಗೊತ್ತಾದಾಗ ಕುಗ್ಗುವಲ್ಲಿ, ಇವರು ಹಗುರಾಗುತ್ತಾರೆ. ತಪ್ಪನ್ನು ಬಿಚ್ಚಬಹುದು, ತೂಗಬಹುದು, ಮತ್ತೆ ಸರಿಯಾಗಿ ತುಂಬಬಹುದು. ಮುಪ್ಪನ್ನು ಹಾಗೆ ಮಾಡಲಾಗುವುದಿಲ್ಲ. ಆದ್ದರಿಂದಲೇ ತಾನು ದೊಡ್ಡದೊಂದು ತಪ್ಪು ಮಾಡಿದ್ದೇನೆ ಎಂಬ ಸುದ್ದಿಯನ್ನು, ಹೆರಿಗೆಯ ಕೋಣೆಯಿಂದ ಬಂದ ಶುಭವಾರ್ತೆಯಂತೆ ಕೇಳಿಸಿಕೊಳ್ಳಬಲ್ಲವರು ಇವರು ಮಾತ್ರ.