ದಕ್ಷಿಣಕ್ಕೆ ಮುಖ ಮಾಡಿದ ಮನೆ

ಸಿಡ್ನಿಯಲ್ಲಿ ಹಳೆಯ ಕಟ್ಟಡಗಳನ್ನು ರಿಪೇರಿ ಮಾಡಿಸುವ ಆಫೀಸಿನಲ್ಲಿ ನನಗೆ ಕೆಲಸ. ಆದರೆ ಊರಂಚಿನ ಬಡಾವಣೆ ಸ್ಕೋಫೀಲ್ಡ್ಸ್‌ನಲ್ಲಿ ನಾವೇ ಕಟ್ಟಿಸಲಿರುವ ಮನೆಯ ನಕ್ಷೆಗೆ ನಾನು ಕೈ ಹಚ್ಚುವಂತಿರಲಿಲ್ಲ. ದಾವಣಗೆರೆಯಿಂದ ಬಂದು ನಮ್ಮ ಜೊತೆಗಿರುವ ಮಾವ ಸಿದ್ದಲಿಂಗಪ್ಪನವರು ವಾಸ್ತು ನೋಡಿ ಎಲ್ಲ ಮುಗಿಸಿಟ್ಟಿದ್ದರು. ಹಿರಿಯರ ಕೋಣೆ ನೈಋತ್ಯಕ್ಕೆ. ಈ ದೇಶದಲ್ಲಿ ಬಿಸಿಲು ಉತ್ತರದ ಕಡೆಯಿಂದ ಬರುತ್ತದೆ, ಆ ಮೂಲೆಗೆ ಚಳಿಗಾಲದಲ್ಲಿ ಬಿಸಿಲೇ ಸೋಕುವುದಿಲ್ಲ, ಅತ್ತೆಗೆ ಮೊದಲೇ ಉಬ್ಬಸ, ಉತ್ತರದ ಕೋಣೆ ಕೊಡೋಣ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಗಂಡ ತೇಜಸ್, ಅಪ್ಪನ ಹತ್ರ ನೀನೇ ಮಾತಾಡು ಎಂದು ಜಾರಿಕೊಂಡ. ಸೋಮವಾರ ಬಿಲ್ಡರ್ ಹತ್ತಿರ ಹೋಗಿ ಸಹಿ ಹಾಕಬೇಕಿತ್ತು.

ಶನಿವಾರ ಅತ್ತೆ ಮಾವನನ್ನು ನಮ್ಮ ಆಫೀಸು ರಿಪೇರಿ ಮಾಡಿಸುತ್ತಿದ್ದ ಬಂಗಲೆಗೆ ಕರೆದುಕೊಂಡು ಹೋದೆ. ಹಿಂದೆ ಅದನ್ನು ಕಟ್ಟಿಸಿದ ದೊರೆ, ಇಂಗ್ಲೆಂಡಿನ ಹಳ್ಳಿಯಲ್ಲಿದ್ದ ಅಪ್ಪನ ಮನೆಯನ್ನೇ ಇಲ್ಲಿ ಮತ್ತೆ ಎಬ್ಬಿಸಿದ್ದ. ಮರಳುಗಲ್ಲಿನ ದಪ್ಪ ಗೋಡೆ, ಹಿಮ ಜಾರಲೆಂದು ಕಡಿದಾದ ಮಾಡು. ಹಿಮ ಇಲ್ಲೆಲ್ಲಿ ಬರಬೇಕು! ಇಂಗ್ಲೆಂಡಿನಲ್ಲಿ ಬಿಸಿಲು ದಕ್ಷಿಣದಿಂದ ಬರುತ್ತದೆಂದು ಇಲ್ಲಿಯೂ ಎತ್ತರದ ಕಿಟಕಿಗಳನ್ನೆಲ್ಲ ದಕ್ಷಿಣಕ್ಕೇ ಇಡಿಸಿದ್ದ. ಇಲ್ಲಿ ಜುಲೈ ಎಂದರೆ ಕಡು ಚಳಿ. ಅವನ ದಿವಾನಖಾನೆಯಲ್ಲಿ ನಿಂತರೆ ಹಲ್ಲು ಕಟಕಟ. ಬಿಸಿಲೆಲ್ಲ ಹಿಂದುಗಡೆ, ಆಳುಕಾಳುಗಳ ಅಡಿಗೆಮನೆಗೆ.

ಇಬ್ಬರಿಗೂ ಇದನ್ನೆಲ್ಲ ಹೇಳಿದೆ. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಸ ದೇಶಕ್ಕೆ ಬಂದವನು ಒಂದು ಸಲವಾದರೂ ತಲೆಯೆತ್ತಿ ಸೂರ್ಯನನ್ನು ನೋಡಬಾರದೇ, ಎಂಥ ಪೆದ್ದ ಎಂದರು. ನನಗೆ ಮೈಯೆಲ್ಲ ಉರಿಯಿತು. ಇವರಿಗೆ ಹೇಳಿ ಪ್ರಯೋಜನವಿಲ್ಲ ಎಂದುಕೊಂಡು, ಅಷ್ಟರಲ್ಲಿ ಹಿಂದುಗಡೆಗೆ ಹೋಗಿದ್ದ ಅತ್ತೆಯನ್ನು ಹುಡುಕುತ್ತ ಹೋದೆ.

ಅತ್ತೆ ಚಿನ್ನಮ್ಮ ಅಡಿಗೆಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ಶಾಲು ಪಕ್ಕಕ್ಕಿತ್ತು. ಎಷ್ಟೋ ವಾರಗಳ ಮೇಲೆ ಅವರ ಉಸಿರಾಟ ಹಗುರವಾಗಿತ್ತು. ಹೊರಡೋಣವೇ ಎಂದರೆ ಏಳಲಿಲ್ಲ. ಹಿಂದೆಯೇ ಬಂದ ಮಾವನ ಕಡೆ ತಿರುಗಿದರು.

"ಆ ದೊರೆ ನೋಡಿ ನಗ್ತೀರಲ್ರೀ, ನೀವು ಮಾಡ್ತಿರೋದೇನು? ಆ ಮೂಲೆ ರೂಮಲ್ಲಿ ನಾನು ಮಲಗಲ್ಲ. ಸೊಸೆ ಹೇಳ್ದಂಗೆ ಬಿಸಿಲು ಬೀಳೋ ಕಡೆ ಕೊಡ್ಸಿ. ಇಲ್ಲಾಂದ್ರೆ ಊರಿಗೆ ಟಿಕೆಟ್ ಬುಕ್ ಮಾಡ್ಸಿ, ನಾನೊಬ್ಳೇ ಹೋಗ್ತೀನಿ."

ಅತ್ತೆ ಗಂಡನಿಗೆ ಎದುರಾಡಿದ್ದನ್ನು ನಾನು ಕಂಡದ್ದೇ ಇಲ್ಲ. ಮಾವ ತಡವರಿಸಿದರು. ಮನೆಯ ಯಜಮಾನ ನೈಋತ್ಯ ಬಿಟ್ಟರೆ ಮನೆಗೆ ಒಳ್ಳೆಯದಲ್ಲ ಎಂದರು. ಹಾಗಾದರೆ ಯಜಮಾನರು ಅಲ್ಲೇ ಮಲಗಲಿ ಎಂದು ಅತ್ತೆ ಕಣ್ಣು ಮುಚ್ಚಿಕೊಂಡರು.

ನೆರಳಿನಲ್ಲಿ ನಿಂತಿದ್ದ ಮಾವ ಮೆಲ್ಲಗೆ ಬಂದು ಹೆಂಡತಿಯ ಪಕ್ಕದಲ್ಲಿ ಕೂತರು. ನನ್ನ ಮುಖ ನೋಡದೆ ಕೇಳಿದರು:

"ಆ ಉತ್ತರದ ರೂಮಲ್ಲಿ ಎರಡು ಮಂಚ ಹಿಡಿಸ್ತಾವೇನವ್ವಾ?"

ಹಿಡಿಸುತ್ತವೆ ಮಾವ ಎಂದೆ.