ಸುಲ್ತಾನನ ಸೀಟು

“ಲೇ ಬೆಟ್ಟಿ, ಕಿವಿ ಒಳಗೆ ನೋಡೇ ಮುಂಡೆ! ನಾಯಿ ತಲೆ ಒದರ್ತಾ ಐತೆ, ನಿನ್ನ ಕಣ್ಣೇನು ಇಂಗೋದ್ವಾ?” ಜಗಲಿಯ ಮೇಲಿಂದ ಪಟೇಲ ಪುಟ್ಟಸ್ವಾಮಿಗೌಡ ಕೂಗಿದ.

ಬೆಟ್ಟಮ್ಮ ಸುಲ್ತಾನನ ಕಿವಿ ಮಡಿಸಿ, ರಕ್ತ ಕುಡಿದು ಹರಳುಬೀಜದಂತೆ ಊದಿದ್ದ ಉಣ್ಣೆಹುಳವನ್ನು ಕಿತ್ತು ಬಿಸಿಬೂದಿಯ ಚಿಪ್ಪಿಗೆ ಹಾಕಿದಳು. ಅವಳು ಮುಟ್ಟಿದ ನಾಯಿ ಗೌಡನ ತೊಡೆ ಏರಬಹುದಿತ್ತು. ಅವಳು ಜಗಲಿಯ ಮೆಟ್ಟಿಲನ್ನೂ ಏರುವಂತಿರಲಿಲ್ಲ.

ಹದಿನೈದು ದಿನದ ಹಿಂದೆ ಗೌಡ ಕೊಣನೂರಿನಾಚೆಯ ಕಾಡಿನಲ್ಲಿ ಹಂದಿ ಹೊಡೆದಿದ್ದ. ಹೊತ್ತು ತಂದವನು ಬೆಟ್ಟಮ್ಮನ ಗಂಡ ಲಕ್ಕಯ್ಯ. ಸತ್ತ ಹಂದಿಯ ಮೈ ತಣ್ಣಗಾಗುತ್ತಲೇ ಉಣ್ಣೆಗಳು ಬಿಸಿ ಮೈ ಹುಡುಕಿ ಹೊರಟವು: ಒಂದಷ್ಟು ಪಕ್ಕದಲ್ಲೇ ಓಡುತ್ತಿದ್ದ ಸುಲ್ತಾನನಿಗೆ, ಒಂದಷ್ಟು ಲಕ್ಕಯ್ಯನ ಕಂಬಳಿಗೆ. ಆ ಕಂಬಳಿ ಹೊದ್ದು ಮಲಗುವ ಆರು ವರ್ಷದ ಮಗಳು ಚಿಕ್ಕತಾಯಿ ಐದು ದಿನದಿಂದ ಕೆಂಡದಂತೆ ಸುಡುತ್ತಿದ್ದಳು.

ಮುನಿಯ ಶಾಪ ತಟ್ಟಿ ನಾಯಿಯಾದ ರಾಜಕುಮಾರನ ಕಥೆಯನ್ನು ಬೆಟ್ಟಮ್ಮನ ಅಜ್ಜಿ ಹೇಳುತ್ತಿದ್ದಳು. ಆಗೆಲ್ಲ ಬೆಟ್ಟಮ್ಮ ಅಯ್ಯೋ ಪಾಪ ಎಂದು ಅತ್ತಿದ್ದಳು. ಈಗ ಆ ಮುನಿ ಸಿಕ್ಕರೆ ಕಾಲು ಹಿಡಿದು, ನನ್ನ ಮಗಳಿಗೂ ಅದೇ ಶಾಪ ಕೊಡು ಸ್ವಾಮಿ ಎನ್ನುತ್ತಿದ್ದಳು. ಸುಲ್ತಾನನಿಗೆ ದಿನಾ ತಟ್ಟೆ ತುಂಬ ಹಾಲು ಇಡುತ್ತಿದ್ದರು.

ಹಾಸನದಿಂದ ಗೌಡನ ಕಾರಿನಲ್ಲಿ ಕರೆತಂದ ದನದ ಡಾಕ್ಟರು ಜ್ವರ ಬಂದಿದ್ದ ನಾಯಿಗೆ ನೀಲಿ ಔಷಧಿ ಚುಚ್ಚಿದರು.

“ಉಣ್ಣೆ ಹೊಟ್ಟೇಲಿ ಕಣ್ಣಿಗೆ ಕಾಣದ ಕ್ರಿಮಿ ಇರ್ತವೆ ಗೌಡ್ರೇ. ಕಚ್ಚಿದಾಗ ರಕ್ತಕ್ಕೆ ಇಳೀತವೆ. ಇವನು ನಾಕು ದಿನ ಹಾಸನದಲ್ಲಿ ನನ್ನ ಹತ್ರಾನೇ ಇರಲಿ.”

“ಬುದ್ದೀ,” ಬೆಟ್ಟಮ್ಮ ಕೈಮುಗಿದಳು, “ನನ್ನ ಮಗೀಗೂ ಅದೇ ಉಣ್ಣೆ ಕಚ್ಚೈತೆ. ಒಂದು ಸೂಜಿ...”

“ಇದು ನಾಯಿ ಮದ್ದಮ್ಮ. ಮಗೂನ ಹಾಸನದ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು. ಇವತ್ತೇ.”

ಅವಳು ಗೌಡನ ಕಡೆ ತಿರುಗಿದಳು. “ಕಾರ್ನಾಗೆ ಒಂದು ಮೂಲೆ ಕೊಡ್ರಿ ಬುದ್ದೀ...”

ಗೌಡ ನಕ್ಕ. “ನಿನ್ನ ಮಗೀನ ಕುಂಡ್ರಿಸಿ, ಆಮೇಲೆ ಅದೇ ಸೀಟ್ನಾಗೆ ನಮ್ಮನೆ ಎಂಗಸ್ರು ಕೂರಬೇಕಾ? ಮೂವತ್ತು ಮೈಲಿ ಏನ್ ಮಹಾ, ನಡ್ಕಂಡು ಓಗೇ.”

ಯುದ್ಧದ ಕಾಲ, ಪೆಟ್ರೋಲಿರಲಿಲ್ಲ; ಬೆನ್ನಿಗೆ ಕಟ್ಟಿದ ಇದ್ದಿಲೊಲೆಯ ಗ್ಯಾಸಿನಿಂದಲೇ ಕಾರು ಓಡಬೇಕಿತ್ತು. ಡ್ರೈವರ್ ಚೆಲುವಯ್ಯ ಆ ಒಲೆ ಹೊತ್ತಿಸಿ ಗ್ಯಾಸು ಏಳುವಷ್ಟರಲ್ಲಿ ಬೆಟ್ಟಮ್ಮ ಕೇರಿಗೆ ಓಡಿ ಮಗಳನ್ನು ಎತ್ತಿಕೊಂಡು ಬಂದಳು. ಹಿಂದಿನ ಸೀಟಿನಲ್ಲಿ ದುಪ್ಪಟಿ ಹಾಸಿ, ದಿಂಬಿಟ್ಟು ಸುಲ್ತಾನನನ್ನು ಮಲಗಿಸಿದ್ದರು. ಅವಳು ಬಾಗಿಲು ತೆಗೆದು ಸರಪಳಿ ಎಳೆದಳು. ದಿನಾ ಮೈ ತಡವುವ ಕೈಯಲ್ಲವೇ, ನಾಯಿ ತೆಪ್ಪಗೆ ಇಳಿಯಿತು. ಅದನ್ನು ಕಂಬಕ್ಕೆ ಕಟ್ಟಿ, ಮಗಳೊಂದಿಗೆ ಒಳಗೆ ಕೂತಳು.

“ಇಳಿಯೇ ಲೌಡಿ!” ಗೌಡ ಕೋಲು ಹಿಡಿದು ನುಗ್ಗಿದ. ಕಾರಿನ ಬಾಗಿಲಲ್ಲಿ ಅವನ ಕಾಲು ನಿಂತಿತು. ಕೋಲಿನ ತುದಿ ಅವಳ ಪಕ್ಕೆಗೆ ಚುಚ್ಚಿತು. ಅವಳು ಕದಲಲಿಲ್ಲ.

“ಕೋಲಿಗೆ ಇಳಿಯಾಕಿಲ್ಲ ಬುದ್ದೀ. ಬನ್ನಿ, ರಟ್ಟೆ ಇಡ್ಕಂಡು ಎಳೀರಿ. ಮುಟ್ಟೇ ಎಳೀಬೇಕು.”

ಗೌಡ ಚೆಲುವಯ್ಯನ ಮುಖ ನೋಡಿದ. ಚೆಲುವಯ್ಯ ಕೈ ಹಿಂದೆ ಕಟ್ಟಿಕೊಂಡ. ಒಲೆಯ ಗ್ಯಾಸು ಗುಂಯ್ ಎನ್ನುತ್ತಿತ್ತು. ಒಂದು ಕೈಯೂ ಒಳಗೆ ಬರಲಿಲ್ಲ.

ನಾಯಿಯ ಮೈಬಿಸಿ ಇನ್ನೂ ಆರದ ದುಪ್ಪಟಿಯ ತಗ್ಗಿನಲ್ಲಿ ಚಿಕ್ಕತಾಯಿ ಮುದುರಿಕೊಂಡಳು. ಆ ತಗ್ಗು ಅವಳಿಗೇ ಅಳತೆ ತೆಗೆದಂತಿತ್ತು.