ಕವರು ಕೊಡುವ ಮುಂಚೆ

ಪಿಯುಸಿ ರಿಸಲ್ಟ್ ಬಂತೆಂದರೆ ಸಾಕು, ಗುಂಡ್ಲುಪೇಟೆ ಸುತ್ತಿನ ನಮ್ಮ ಊರುಗಳಿಗೆ ಕಾಲೇಜಿನ ಏಜೆಂಟರು ಬೈಕಿನಲ್ಲಿ ಬಂದಿಳಿಯುತ್ತಾರೆ. ಯಾರ ಮನೆ ಮಗುವಿಗೆ ಎಷ್ಟು ಮಾರ್ಕ್ಸ್ ಎಂಬುದು ನೆಂಟರಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಅದು ಹೇಗೋ ಶಿವನೇ ಬಲ್ಲ!

ನಾನು ಪುಟ್ಟಬಸಮ್ಮ. ನಮ್ಮೂರ ಹೆಂಗಸರ ಸಂಘದ ಮೀಟಿಂಗಿನಲ್ಲಿ ಎಲ್ಲರಿಗಿಂತ ಜಾಸ್ತಿ ಮಾತಾಡುತ್ತೇನೆ ಎಂದು ಬೈಸಿಕೊಳ್ಳುವವಳು. ಇವತ್ತು ಹೇಳುವುದು ನಾನು ಬಾಯಿ ಮುಚ್ಚಿಕೊಂಡಿದ್ದ ನಾಲ್ಕು ದಿನದ ವಿಷಯ.

ನಮ್ಮ ಪಕ್ಕದ ಮನೆ ಸಿದ್ದಮಲ್ಲಪ್ಪನ ಮಗಳು ರಂಜಿನಿ ಕಾಮರ್ಸಿನಲ್ಲಿ ಒಳ್ಳೆಯ ಮಾರ್ಕ್ಸ್ ತೆಗೆದಳು. ಬ್ಯಾಂಕು, ಆಡಿಟು, ಷೇರು ಇಂಥ ಫೈನಾನ್ಸ್ ಕೆಲಸಕ್ಕೇ ಹೋಗಬೇಕೆಂದು ಅವಳ ಆಸೆ. ಏಜೆಂಟ್ ಬಂದು ಜಗಲಿ ಮೇಲೆ ಕೂತು ಹೇಳಿದ, “ಎರಡೇ ಸೀಟು ಉಳಿದಿರೋದು. ಸೋಮವಾರ ಒರಿಜಿನಲ್ ಮಾರ್ಕ್ಸ್‌ಕಾರ್ಡು, ಟಿ.ಸಿ. ತಂದ್ಕೊಡಿ. ಬಿ.ಕಾಂ. ಫೈನಾನ್ಸು. ಜೊತೆಗೆ ನಮ್ಮ ಕಾಲೇಜಿಂದ್ಲೇ ಸಿ.ಎ. ಸರ್ಟಿಫಿಕೇಟು!”

ರಂಜಿನಿ ಮೆಲ್ಲಗೆ ಕೇಳಿದಳು, “ಫೈನಾನ್ಸಲ್ಲಿ ಏನೇನ್ ಸಬ್ಜೆಕ್ಟು ಸಾರ್?”

“ಮೊದ್ಲು ಸೇರ್ಕೊಳಮ್ಮ,” ಎಂದು ಅವನು ನಕ್ಕ. ಹುಡುಗಿಯ ಮುಖ ಬಾಡಿತು. ಅದನ್ನು ನಾನು ನೋಡಿದೆ, ಆದರೂ ಸುಮ್ಮನಾದೆ.

ಅವಳ ತಾಯಿ ಚಂದ್ರಮತಿಗೆ ದಿಕ್ಕೇ ತೋಚಲಿಲ್ಲ. ಓದಿದವರು ಆ ಮನೆಯಲ್ಲಿ ಯಾರಿದ್ದಾರೆ ಕೇಳಲು? “ಬಸವೇಶ್ವರನ್ನೇ ಕೇಳ್ಬುಡನ ಕಣಕ್ಕ, ಬಾ,” ಅಂದಳು. ನಾನೇ ಜೊತೆಗೆ ಹೋದೆ. ನಮ್ಮಲ್ಲಿ ಮದುವೆಗೂ ಬೋರ್‌ವೆಲ್ಲಿಗೂ ದೇವರ ಹತ್ತಿರ ಹೂ ಕೇಳುವುದುಂಟು. ಪೂಜಾರಿ ಗುರುಸಿದ್ದಯ್ಯ ದೇವರ ಎರಡು ಭುಜಕ್ಕೂ ಒದ್ದೆ ಕಣಗಿಲೆ ಹೂ ಅಂಟಿಸಿದರು. ಬಲಗಡೆ ಬಿದ್ದರೆ ಆಗಲಿ, ಎಡಗಡೆ ಬಿದ್ದರೆ ಬೇಡ. ಅವತ್ತು ಬಲಗಡೆ ಬಿತ್ತು. ಚಂದ್ರಮತಿ ಆ ಹೂವನ್ನು ಮಾರ್ಕ್ಸ್‌ಕಾರ್ಡಿನ ಕವರಿನೊಳಗೇ ಇಟ್ಟಳು.

ಭಾನುವಾರ ನನ್ನ ತಂಗಿ ಮಗಳು ಪವಿತ್ರ ಬಂದಳು. ಚಾಮರಾಜನಗರದಲ್ಲಿ ಬ್ಯಾಂಕ್ ಆಫೀಸರ್ ಅವಳು. ಸಿದ್ದಮಲ್ಲಪ್ಪನ ಮನೆ ಜಗಲಿ ಮೇಲೆ ಕೂತು ವಿಷಯ ಕೇಳಿದಾಗ ಅವಳ ಕೈಯಲ್ಲಿದ್ದ ಕಾಫಿ ಹಾಗೇ ನಿಂತಿತು.

“ಮಾವ, ಸಿ.ಎ.ನ ಯಾವ ಕಾಲೇಜೂ ಕೊಡಕ್ಕಾಗಲ್ಲ. ಅದಕ್ಕೆ ಬೇರೆ ಸಂಸ್ಥೆ ಅದ, ಬೇರೆ ಪರೀಕ್ಷೆ. ಬ್ಯಾಂಕ್ ಪರೀಕ್ಷೆಗಂತೂ ಮಾನ್ಯತೆ ಇರೋ ಯಾವ ಡಿಗ್ರಿ ಆದ್ರೂ ಸಾಕು. ಬರೀ ಬೋರ್ಡ್ ಮೇಲೆ ಫೈನಾನ್ಸ್ ಅಂತ ಇದ್ರೆ ಏನ್ ಬಂತು?”

ಸಿದ್ದಮಲ್ಲಪ್ಪ ತಲೆ ಕೆರೆದುಕೊಂಡ. “ದೇವ್ರು ಹೂ ಕೊಟ್ಟವ್ನೆ ಕಣವ್ವ. ಮೀರಕ್ಕಾದದಾ?”

“ದೇವ್ರಿಗೆ ನಾನು ಎದುರಾಡಲ್ಲ ಮಾವ. ಆದ್ರೆ ಕಾಲೇಜನ್ನ ನೀವು ಏನ್ ಕೇಳಿದ್ರಿ?”

ಸಿದ್ದಮಲ್ಲಪ್ಪ ಹೆಂಡತಿಯ ಕಡೆ ತಿರುಗಿದ. ನಾನಂತೂ ಎಲ್ಲರ ಕಣ್ಣು ತಪ್ಪಿಸಿ ಕಾಫಿ ಲೋಟಗಳನ್ನು ಎತ್ತತೊಡಗಿದೆ. ಯಾಕೆಂದು ಆಮೇಲೆ ಹೇಳುತ್ತೇನೆ.

ಪವಿತ್ರ ರಂಜಿನಿಯನ್ನು ಪಕ್ಕಕ್ಕೆ ಕೂರಿಸಿಕೊಂಡಳು. “ನಾಳೆ ಮೂರು ಮಾತು ಕೇಳು ಕಣಮ್ಮಿ. ಈ ವರ್ಷ ಈ ಕೋರ್ಸಿಗೆ ಯೂನಿವರ್ಸಿಟಿ ಒಪ್ಪಿಗೆ ಪತ್ರ ಎಲ್ಲಿ? ಅಕೌಂಟ್ಸು, ಟ್ಯಾಕ್ಸು, ಸ್ಟ್ಯಾಟಿಸ್ಟಿಕ್ಸು ಪಾಠ ಮಾಡೋ ಮೇಷ್ಟ್ರು ಯಾರು? ಹೋದ ವರ್ಷ ಮುಗಿಸಿದೋರು ಈಗ ಎಲ್ಲವ್ರೆ, ಅವರ ಫೋನ್ ನಂಬರ್ ಕೊಡ್ತೀರಾ? ಮೂರು ವರ್ಷದ ಪೂರ್ತಿ ಫೀಸನ್ನ ಬರೆದು ಕೊಡಕ್ಕೆ ಹೇಳು. ಒರಿಜಿನಲ್ ತೋರಿಸಿ ವಾಪಸ್ ಇಸ್ಕೊ. ನಮ್ ಬ್ಯಾಂಕಿಗೆ ಬರೋ ಒಬ್ಬರ ಮಗಳು ಹಿಂಗೇ ಒರಿಜಿನಲ್ ಕೊಟ್ಟು, ಕಾಲೇಜು ಬಿಡ್ತೀನಿ ಅಂದ್ರೂ ಅವು ವಾಪಸ್ ಸಿಗ್ದೆ ಒಂದು ವರ್ಷ ಮನೇಲಿ ಕೂತ್ಲು.”

ಆ ಮಾತು ಕೇಳಿದ ಮೇಲೆ ರಂಜಿನಿ ಊಟ ಮಾಡಲಿಲ್ಲ.

ಸೋಮವಾರ ನಾವು ನಾಲ್ವರು, ಗಂಡ, ಹೆಂಡತಿ, ಮಗಳು, ನಾನು, ಬಸ್ ಹತ್ತಿದೆವು. ರಂಜಿನಿ ಕವರನ್ನು ಎದೆಗೆ ಒತ್ತಿ ಹಿಡಿದಿದ್ದಳು. ಕಾಲೇಜು ಹೊರಗಿನಿಂದ ಕಲ್ಯಾಣಮಂಟಪದ ಹಾಗೆ ಜಗಜಗ ಅನ್ನುತ್ತಿತ್ತು. ಆಫೀಸಿನ ಕಿಟಕಿಯ ಮುಂದೆ ನಮ್ಮಂಥವರದೇ ಸಾಲು, ಒಳಗೆ ಮೇಜಿನ ಮೇಲೆ ಕವರುಗಳ ರಾಶಿ.

ರಂಜಿನಿ ಕಿಟಕಿಯ ಒಳಗಿದ್ದವನನ್ನು ಒಂದೊಂದಾಗಿ ಕೇಳಿದಳು. ಒಪ್ಪಿಗೆ ಪತ್ರ? “ಬರುತ್ತೆ, ಪ್ರೋಸೆಸಲ್ಲಿದೆ.” ಮೇಷ್ಟ್ರು? “ಹಾಕ್ಕೋತೀವಿ.” ಮುಗಿಸಿದ ಮಕ್ಕಳು? “ಇದು ಹೊಸ ಕೋರ್ಸಮ್ಮ, ಇನ್ನೂ ಯಾರೂ ಮುಗಿಸಿಲ್ಲ. ಒರಿಜಿನಲ್ ಕೊಡ್ತೀರೋ ಇಲ್ವೋ? ಹಿಂದೆ ಜನ ನಿಂತಿದಾರೆ.”

ಹುಡುಗಿ ಅಪ್ಪನ ಮುಖ ನೋಡಿದಳು. ಸಿದ್ದಮಲ್ಲಪ್ಪನಿಗೆ ಎಲ್ಲ ಅರ್ಥವಾಗಿತ್ತು. ಆದರೂ “ದೇವ್ರು ಹೂ ಕೊಟ್ಬುಟ್ಟವ್ನೆ ಕಣವ್ವ” ಎಂದು ಗೊಣಗಿ, ಅವಳ ಕೈಯಿಂದ ಕವರು ತೆಗೆದುಕೊಂಡು ಕಿಟಕಿಗೆ ಚಾಚಿದ. ಒಳಗಿನವನು ಆಗಲೇ ತುದಿ ಹಿಡಿದಿದ್ದ.

ಇನ್ನು ತಡೆಯಲಾಗಲಿಲ್ಲ ನನಗೆ.

“ಕೊಡ್ಬ್ಯಾಡ ಕಣಪ್ಪ!” ಎಂದು ಕೂಗಿಬಿಟ್ಟೆ. “ಮೊದ್ಲು ಎಡಗಡೆ ಬಿತ್ತು ಹೂವು! ಚಂದ್ರಮತಿ ಅಳ್ತಿದ್ಲು. ಗಾಳಿಗ್ ಬಿತ್ತು ಬುಡಿ, ಇನ್ನೊಂದ್ಸಲ ಅಂಟಿಸಿ ಅಂತ ಪೂಜಾರಪ್ಪಂಗೆ ಹೇಳ್ದೋಳು ನಾನೇ. ಎರಡ್ನೇ ಸಲ ಬಿದ್ದಿದ್ದು ಬಲಕ್ಕೆ!”

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಚಂದ್ರಮತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಿದ್ದಮಲ್ಲಪ್ಪ ನನ್ನನ್ನು ದುರುಗುಟ್ಟಿ ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಕವರನ್ನು ಜಗ್ಗಿ ವಾಪಸ್ ಎಳೆದುಕೊಂಡ.

“ದೇವ್ರನ್ನ ಎರಡೆರಡು ಸಲ ಕೇಳ್ದೋರು, ಇವರನ್ನ ಒಂದ್ಸಲನೂ ಕೇಳ್ನಿಲ್ವಲ್ಲ,” ಅಂದ. “ನನ್ ಮಗಳು ಕೇಳಿದ್ಲು. ಕೇಳಿದ್ದಕ್ಕೆ ಒಂದ್ ಉತ್ರನಾದ್ರೂ ಬಂತಾ? ನಡೀರಿ, ಓಗನ.”

ಬಸ್ಸಿನಲ್ಲಿ ಗಂಡ ಹೆಂಡತಿ ನನ್ನಿಂದ ದೂರ, ಮುಂದಿನ ಸೀಟಿಗೆ ಹೋಗಿ ಕೂತರು. ರಂಜಿನಿ ಮಾತ್ರ ಬಂದು ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡಳು. “ಬೇರೆ ಕಡೆ ಸೀಟು ಸಿಕ್ಕದಾ ದೊಡ್ಡವ್ವ?” ಅಂದಳು. ನನಗೇನು ಗೊತ್ತು?

ಮರುದಿನ ಪವಿತ್ರ ರಂಜಿನಿಯನ್ನೂ ಅವಳ ಅಪ್ಪ ಅಮ್ಮನನ್ನೂ ಚಾಮರಾಜನಗರದ ಸರ್ಕಾರಿ ಕಾಲೇಜಿಗೆ ಕರೆದುಕೊಂಡು ಹೋದಳು. ಗೋಡೆಗೆ ಸುಣ್ಣ ಬೇಕಾಗಿತ್ತು, ನಿಜ. ಆದರೆ ಮೇಷ್ಟ್ರು ಒಪ್ಪಿಗೆ ಪತ್ರ ತೋರಿಸಿದರು, ಟೈಂಟೇಬಲ್ ತೋರಿಸಿದರು, ಓದಿ ಹೋದ ಐದು ಮಕ್ಕಳ ನಂಬರು ಬರೆದುಕೊಟ್ಟರು. ಅದರಲ್ಲಿ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವ ಒಬ್ಬಳ ಜೊತೆ ರಂಜಿನಿ ಅಲ್ಲೇ ನಿಂತು ಅರ್ಧ ಗಂಟೆ ಫೋನಿನಲ್ಲಿ ಮಾತಾಡಿದಳು. ಈಗ ಅಲ್ಲೇ ಬಿ.ಕಾಂ. ಓದುತ್ತಿದ್ದಾಳೆ. ಸಿ.ಎ. ಮೊದಲ ಪರೀಕ್ಷೆಗೂ ಕೂರುತ್ತಾಳಂತೆ. ಪಾಸಾಗುತ್ತಾಳೋ ಇಲ್ಲವೋ ಎಂಬ ಭಯ ನಮಗಿದ್ದೇ ಇದೆ. ಆದರೆ ಅವಳ ಮಾರ್ಕ್ಸ್‌ಕಾರ್ಡು ಅವಳ ಮನೆಯ ಬೀರುವಿನಲ್ಲೇ ಇದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ದೇವರನ್ನು ಕೇಳಿ, ಬೇಡ ಅನ್ನಲು ನಾನ್ಯಾರು? ಆದರೆ ಕಾಲೇಜನ್ನೂ ಕೇಳಿ. ಒಪ್ಪಿಗೆ ಪತ್ರ ನೋಡಿ, ಪಾಠ ಮಾಡುವವರನ್ನು ನೋಡಿ, ಓದಿ ಹೋದವರಿಗೆ ಫೋನ್ ಮಾಡಿ. ಕೇಳುವ ಕೆಲಸವನ್ನು ನಿಮ್ಮ ಮಗಳಿಗೇ ಬಿಡಿ, ಅವಳಿಗೆ ತಿಳಿಯುತ್ತದೆ. ಸರಿಯಾದ ಉತ್ತರ ಬರಲಿಲ್ಲವೆಂದರೆ, ನನ್ನ ಹಾಗೆ ಗಾಳಿಯ ಮೇಲೆ ಹಾಕಬೇಡಿ. ಕವರು ಎತ್ತಿಕೊಂಡು ವಾಪಸ್ ಬಸ್ ಹತ್ತಿ.